ಇಂಗ್ಲಿಷಿನ ‘ಶೀ’: ಅರ್ಥ, ಬಳಕೆ ಮತ್ತು ಮೂಲ
(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಗೆ ಇಂಗ್ಲಿಷ್ ವ್ಯಾಕರಣದ ಉಸಾಬರಿ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ‘ಹೀ’ ಎಂದರೆ ಅವನು, ‘ಶೀ’ ಎಂದರೆ ಅವಳು. ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಇದರ ಮೇಲೆ ಉಪನ್ಯಾಸ ಬೇಕೇ? ಬೇಕು ಎಂದೇ ನನ್ನ ಅಭಿಪ್ರಾಯ. ಈ ಪುಟ್ಟ ಪದದಲ್ಲಿ ನಮ್ಮ ಮಕ್ಕಳು ಎಡವುವುದಕ್ಕೆ ಕಾರಣ ಅವರು ಮನೆಯಲ್ಲಿ ಆಡುವ ಭಾಷೆಯಲ್ಲಿದೆ. ಅದಕ್ಕೆ ಪರಿಹಾರ ಕನ್ನಡದ ಪೀರಿಯಡ್‌ನಲ್ಲಿದೆ. ಆದ್ದರಿಂದ ಈ ವಿಷಯ ನನ್ನ ಪಾಲಿಗೂ ಬರುತ್ತದೆ.

ಮೊದಲು ಒಂದು ಉತ್ತರ ಪತ್ರಿಕೆಯನ್ನು ನೋಡೋಣ. ಉರ್ದು ಮಾಧ್ಯಮದ ಮಕ್ಕಳ ಪತ್ರಿಕೆ ತಿದ್ದಿದ ಯಾವ ಶಿಕ್ಷಕರಿಗೂ ಇಂಥ ವಾಕ್ಯ ಹೊಸದಲ್ಲ: “ಅಹಮದ್ ಅಂಡ್ ಹರ್ ಸಿಸ್ಟರ್ ವೆಂಟ್ ಟು ಶಿವಮೊಗ್ಗ.” ಅದರ ಕೆಳಗೇ, “ಫಾತಿಮಾ ಅಂಡ್ ಹಿಸ್ ಬ್ರದರ್ ಕೇಮ್ ಬೈ ಬಸ್.” ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ, ಅರ್ಧ ಅಂಕ ಕಳೆಯುತ್ತೇವೆ, “ಗಂಡು ಯಾವುದು ಹೆಣ್ಣು ಯಾವುದು ಅಂತ ಇನ್ನೂ ಗೊತ್ತಾಗಲಿಲ್ವಾ?” ಎಂದು ಒಂದು ಮಾತೂ ಆಡುತ್ತೇವೆ. ಮಗುವಿಗೆ ಅಹಮದ್ ಗಂಡು, ಫಾತಿಮಾ ಹೆಣ್ಣು ಎಂಬುದು ಚೆನ್ನಾಗಿಯೇ ಗೊತ್ತು. ಹಾಗಾದರೆ ತಪ್ಪು ಎಲ್ಲಿ ಆಯಿತು?

ಅದನ್ನು ಉರ್ದುವಿನಲ್ಲಿ ಹೇಳಿ ನೋಡಿ. ಅಹಮದ್ ಔರ್ ಉಸ್‌ಕೀ ಬೆಹೆನ್. ಫಾತಿಮಾ ಔರ್ ಉಸ್‌ಕಾ ಭಾಯೀ. ‘ಕೀ’ ಏಕೆ ಬಂತು? ಬೆಹೆನ್ ಸ್ತ್ರೀಲಿಂಗವಾದ್ದರಿಂದ. ‘ಕಾ’ ಏಕೆ ಬಂತು? ಭಾಯೀ ಪುಲ್ಲಿಂಗವಾದ್ದರಿಂದ. ಉರ್ದುವಿನಲ್ಲಿ ಯಾರಿಗೆ ಸೇರಿದ್ದು ಎಂಬವರ ಲಿಂಗ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸೇರಿದ ವಸ್ತುವಿನ ಅಥವಾ ವ್ಯಕ್ತಿಯ ಲಿಂಗಕ್ಕೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಮಗು ‘ಕೀ’ ಕಂಡಲ್ಲಿ ‘ಹರ್’ ಬರೆಯಿತು, ‘ಕಾ’ ಕಂಡಲ್ಲಿ ‘ಹಿಸ್’ ಬರೆಯಿತು. ಅದು ತನ್ನ ತಾಯ್ನುಡಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ! ನಿಯಮ ಸರಿಯಾದದ್ದೇ, ಭಾಷೆ ಮಾತ್ರ ಬೇರೆ.

ಈಗ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ. ಅಹಮದ್ ಮತ್ತು ಅವನ ತಂಗಿ. ಫಾತಿಮಾ ಮತ್ತು ಅವಳ ಅಣ್ಣ. ಅವನ, ಅವಳ, ಹಿಸ್, ಹರ್. ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಇಂಗ್ಲಿಷಿನಂತೆ ಕನ್ನಡವೂ ಯಾರಿಗೆ ಸೇರಿದ್ದು ಎಂದು ಮೊದಲು ಕೇಳುತ್ತದೆ. ಉರ್ದು ಮಾಧ್ಯಮದಲ್ಲಿ ಕನ್ನಡ ಹೆಚ್ಚಾಗಿ ತೃತೀಯ ಭಾಷೆಯಾಗಿರುವುದರಿಂದ “ಮೂರನೇ ಭಾಷೆ, ಪಾಸಾದರೆ ಸಾಕು” ಎನ್ನುವ ಪೋಷಕರನ್ನು ಪ್ರತಿ ವರ್ಷವೂ ಕಾಣುತ್ತೇನೆ. ಇಂಗ್ಲಿಷಿಗೆ ಟ್ಯೂಷನ್ ಇಡುತ್ತಾರೆ, ಕನ್ನಡವನ್ನು ಬಿಟ್ಟುಬಿಡುತ್ತಾರೆ. ಈ ಒಂದು ವಿಷಯದಲ್ಲಂತೂ ನಮ್ಮ ಮಕ್ಕಳಿಗೆ ಇಂಗ್ಲಿಷಿಗೆ ಹೋಗುವ ಹತ್ತಿರದ ದಾರಿ ಕನ್ನಡದ ಮೂಲಕವೇ ಇದೆ ಎಂಬುದನ್ನು ಅವರು ಗಮನಿಸಬೇಕು.

ಉರ್ದುವಿನ ‘ವೋ’ ಎಂಬ ಸರ್ವನಾಮವನ್ನೂ ನೋಡೋಣ. ನಮ್ಮ ಮನೆಯ ದಖನಿಯಲ್ಲಿ ಅದೇ ‘ಉನೆ’ ಆಗುತ್ತದೆ. ಅವನೂ ವೋ, ಅವಳೂ ವೋ, ಅದೂ ವೋ. ಆದರೆ ಕ್ರಿಯಾಪದದಲ್ಲಿ ಗುಟ್ಟು ಬಯಲಾಗುತ್ತದೆ: ವೋ ಆಯಾ, ವೋ ಆಯೀ. ಅಷ್ಟೇ ಅಲ್ಲ, ಉತ್ತಮ ಪುರುಷದಲ್ಲೂ ಬಯಲಾಗುತ್ತದೆ. ನಾನು ಕನ್ನಡದಲ್ಲಿ ‘ಹೋಗುತ್ತೇನೆ’ ಎಂದು ಬರೆದರೆ ನಾನು ಗಂಡೋ ಹೆಣ್ಣೋ ಓದುಗರಿಗೆ ತಿಳಿಯದು. ‘ಮೈ ಜಾತೀ ಹೂಂ’ ಎಂದೊಡನೆ ತಿಳಿದುಹೋಗುತ್ತದೆ. ಉರ್ದು ಸರ್ವನಾಮದಲ್ಲಿ ಮುಚ್ಚಿಟ್ಟದ್ದನ್ನು ಕ್ರಿಯಾಪದದಲ್ಲಿ ಹೇಳುತ್ತದೆ. ಇಂಗ್ಲಿಷ್ ಅದಕ್ಕೆ ತದ್ವಿರುದ್ಧ: ‘ಹೀ ಕೇಮ್, ಶೀ ಕೇಮ್’ ಎಂಬಲ್ಲಿ ಕ್ರಿಯಾಪದಕ್ಕೆ ಲಿಂಗವೇ ಇಲ್ಲ, ಸರ್ವನಾಮದ ಮೇಲೆಯೇ ಎಲ್ಲ ಭಾರ. ಕನ್ನಡವೋ ಧಾರಾಳಿ, ‘ಅವಳು ಬಂದಳು’ ಎಂದು ಎರಡು ಕಡೆಯೂ ಹೇಳುತ್ತದೆ.

ಭದ್ರಾವತಿಯ ಶಿಕ್ಷಕರಿಗೆ ಇದು ಇನ್ನಷ್ಟು ಸ್ವಾರಸ್ಯದ ವಿಷಯ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ, ಅನಂತರ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಇವೆರಡರ ಕೆಲಸಕ್ಕಾಗಿ ತಮಿಳು, ತೆಲುಗು, ಮಲಯಾಳಂ ಆಡುವ ಕುಟುಂಬಗಳು ಆ ಊರಿಗೆ ಬಂದು ನೆಲೆಸಿದವು. ಒಂದೇ ಬೆಂಚಿನಲ್ಲಿ ನಾಲ್ಕೈದು ಮನೆಮಾತಿನ ಮಕ್ಕಳು ಕೂರುತ್ತಾರೆ. ತಮಿಳಿನ ಮಗು ‘ಅವಳ್ ವಂದಾಳ್’ ಎನ್ನುತ್ತದೆ; ಅದು ಕನ್ನಡದ ಹಾಗೆಯೇ. ಮಲಯಾಳಂ ಮಗು ‘ಅವನ್ ವನ್ನು, ಅವಳ್ ವನ್ನು’ ಎನ್ನುತ್ತದೆ. ಕ್ರಿಯಾಪದ ಬದಲಾಗುವುದಿಲ್ಲ, ಅಂದರೆ ಥೇಟ್ ಇಂಗ್ಲಿಷಿನಂತೆ! ತೆಲುಗಿನಲ್ಲಿ ಸಲಿಗೆಯಿಂದ ಹುಡುಗಿಯೊಬ್ಬಳನ್ನು ‘ಅದಿ ವಚ್ಚಿಂದಿ’ ಎನ್ನುತ್ತಾರೆ, ಅಂದರೆ ಅಕ್ಷರಶಃ ‘ಅದು ಬಂತು’. ಮರ್ಯಾದೆಯಿಂದ ‘ಆಮೆ’ ಎಂದರೂ ಕ್ರಿಯಾಪದ ‘ವಚ್ಚಿಂದಿ’ಯೇ. ಕೇಳಿದ ಕನ್ನಡಿಗರಿಗೆ ಅವಮಾನ ಎನಿಸಬಹುದು, ಅವರಿಗೆ ಅದು ಸಹಜ. ನಾವೂ ಕಡಿಮೆಯೇನಲ್ಲ, ‘ಪಾಪ, ಮಗು ಅಳ್ತಾ ಇದೆ’ ಎನ್ನುವಾಗ ಹಸುಗೂಸನ್ನು ಕುರ್ಚಿ, ಮೇಜುಗಳ ಸಾಲಿಗೆ ಸೇರಿಸುತ್ತೇವೆ.

ಅರಬ್ಬಿ ಓದುವ ಮಕ್ಕಳಿಗೆ ಈ ಭೇದ ಇನ್ನೊಂದು ದಾರಿಯಿಂದಲೂ ಪರಿಚಿತ. ‘ಹುವ’ ಅವನು, ‘ಹಿಯ’ ಅವಳು. ‘ನೀನು’ ಎನ್ನುವಲ್ಲೂ ಗಂಡಿಗೆ ‘ಅಂತ’, ಹೆಣ್ಣಿಗೆ ‘ಅಂತಿ’. ಫಾರ್ಸಿಯಲ್ಲಿ ‘ಊ’ ಒಂದೇ, ಕ್ರಿಯಾಪದದಲ್ಲೂ ಭೇದವಿಲ್ಲ. ಉರ್ದು ಇವೆರಡರಿಂದಲೂ ಸಾವಿರಾರು ಪದಗಳನ್ನು ಪಡೆದರೂ ಸರ್ವನಾಮ ಮತ್ತು ಕ್ರಿಯಾಪದದ ಕಟ್ಟನ್ನು ಹಿಂದೂಸ್ತಾನದ ನೆಲದಿಂದಲೇ ಪಡೆಯಿತು.

ಇನ್ನು ಪದದ ಮೂಲಕ್ಕೆ ಬರೋಣ. ಜಾಣ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಾರೆ: “ಹೀ, ಹಿಸ್, ಹಿಮ್ ಎಲ್ಲ ‘ಹ’ಕಾರದಿಂದ ಶುರುವಾಗುತ್ತವೆ. ‘ಹರ್’ ಕೂಡ ‘ಹ’ಕಾರವೇ. ಹಾಗಾದರೆ ‘ಶೀ’ ಎಲ್ಲಿಂದ ಬಂತು, ಮಿಸ್?” ಬಹಳ ಒಳ್ಳೆಯ ಪ್ರಶ್ನೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಶೀ’ ಇರಲಿಲ್ಲ. ಅವನಿಗೆ ‘ಹೇ’, ಅವಳಿಗೆ ‘ಹೇಓ’, ಅದಕ್ಕೆ ‘ಹಿತ್’ ಎನ್ನುತ್ತಿದ್ದರು. ‘ಹರ್’ ಎಂಬುದು ಆ ಕಾಲದ ‘ಹಿರೆ’ ಎಂಬ ರೂಪದಿಂದ ಬಂದದ್ದು. ಕಾಲ ಕಳೆದಂತೆ ‘ಹೇಓ’ ಎಂಬುದರ ಉಚ್ಚಾರಣೆ ಸವೆದು ಹಲವು ಪ್ರಾಂತ್ಯಗಳಲ್ಲಿ ‘ಹೇ’ ಎಂಬಂತೆಯೇ ಕೇಳತೊಡಗಿತು. ಅವನು ಬಂದನೋ ಅವಳು ಬಂದಳೋ ಕೇಳಿದವರಿಗೆ ತಿಳಿಯದಾಯಿತು. ಇಂಗ್ಲಿಷಿನಲ್ಲಿ ಕ್ರಿಯಾಪದವೂ ಸಹಾಯಕ್ಕೆ ಬರುವುದಿಲ್ಲವಲ್ಲ! ಹೆಣ್ಣನ್ನು ಹೇಳುವ ಪದ ಗಂಡನ್ನು ಹೇಳುವ ಪದದೊಳಗೆ ಕರಗಿಹೋಗುವ ಪರಿಸ್ಥಿತಿ ಬಂದಾಗ ಭಾಷೆ ಹೊಸ ರೂಪವೊಂದನ್ನು ಹಿಡಿಯಿತು. ಬಹುವಚನಕ್ಕೂ ಇದೇ ಪಾಡಾಗಿ, ‘ದೇ’ ಎಂಬ ಪದವನ್ನು ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಭಾಷೆಯಿಂದ ಎರವಲು ಪಡೆಯಬೇಕಾಯಿತು.

ಈ ಹೊಸ ರೂಪ ನಮಗೆ ಮೊದಲು ಸಿಗುವುದು ಪೀಟರ್‌ಬರೋ ಮಠದಲ್ಲಿ 1154ರ ಸುಮಾರಿಗೆ ಬರೆದ ಇತಿಹಾಸ ಗ್ರಂಥದಲ್ಲಿ. ಅಲ್ಲಿ ಅದರ ರೂಪ ‘ಶಾ’ ಅಥವಾ ‘ಶೇ’ ಎನ್ನುವುದಕ್ಕೆ ಹತ್ತಿರ. 1140ನೇ ಇಸವಿಯ ಹೆಸರಿನಲ್ಲಿ ದಾಖಲಿಸಿದ ಘಟನೆಗಳಲ್ಲಿ ರಾಜ ಹೆನ್ರಿಯ ಮಗಳು ಮಟಿಲ್ಡಾಳ ಕಥೆ ಬರುತ್ತದೆ. ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ಆಕೆಯನ್ನು ಲಂಡನ್ನಿನ ಜನ ಹಿಡಿಯಲು ಬಂದಾಗ ಆಕೆ ಓಡಿಹೋದಳು. ಮುಂದೆ ಆಕ್ಸ್‌ಫರ್ಡಿನ ಕೋಟೆಯನ್ನು ಶತ್ರು ಸೈನ್ಯ ಮುತ್ತಿದಾಗ ರಾತ್ರಿ ಹೊತ್ತು ಗೋಪುರದಿಂದ ಹಗ್ಗ ಕಟ್ಟಿ ಇಳಿಸಿದರು, ಆಕೆ ನಡೆದುಕೊಂಡೇ ವಾಲಿಂಗ್‌ಫರ್ಡ್ ಸೇರಿದಳು. ಇಂದು ನಾವು ಹಲಗೆಯ ಮೇಲೆ ಬರೆದು ಉರುಹೊಡೆಸುವ ‘ಶೀ’ ಲಿಖಿತ ರೂಪದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡದ್ದು ಇಂಥ ಗಟ್ಟಿಗಿತ್ತಿಯ ಪ್ರಸಂಗದಲ್ಲಿ. ಹುಡುಗಿಯರೇ, ಇದನ್ನು ನೆನಪಿಟ್ಟುಕೊಳ್ಳಿ, ಪರೀಕ್ಷೆಗೆ ಬರುವುದಿಲ್ಲ.

ಆ ರೂಪ ಹೇಗೆ ಹುಟ್ಟಿತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ‘ಸೇಓ’ ಎಂಬ ಹಳೆಯ ಸ್ತ್ರೀಲಿಂಗ ನಿರ್ದೇಶಕ ಪದದಿಂದ ಬಂತು ಎಂದು ಕೆಲವರು. ‘ಹೇಓ’ ಎಂಬುದೇ ‘ಹ್ಯೋ’ ಆಗಿ, ‘ಹ್ಯ’ ಎಂಬುದು ನಾಲಿಗೆಯಲ್ಲಿ ‘ಶ’ ಆಯಿತು ಎಂದು ಇನ್ನು ಕೆಲವರು. ‘ಹ್ಯ’ ಎಂಬುದನ್ನು ಬೇಗ ಬೇಗ ಹೇಳಿ ನೋಡಿದರೆ ಎರಡನೆಯವರ ಮಾತು ಅಸಾಧ್ಯವೆನಿಸದು. ಲ್ಯಾಂಕಶೈರ್ ಕಡೆಯ ಹಳ್ಳಿಗರು ಮಾತ್ರ ಹಳೆಯ ‘ಹೇಓ’ವನ್ನೇ ‘ಹೂ’ ಎಂದು 20ನೇ ಶತಮಾನದವರೆಗೂ ಉಳಿಸಿಕೊಂಡಿದ್ದರು. ಅಂತೂ ‘ಶೀ’ ಹೊಸ ಸೊಸೆ, ‘ಹರ್’ ಹಳೆಯ ಮನೆಯವಳು. ಅದಕ್ಕೇ ಅವುಗಳ ಮುಖ ಹೊಂದುವುದಿಲ್ಲ. 2000ನೇ ಇಸವಿಯ ಜನವರಿಯಲ್ಲಿ ಅಮೆರಿಕದ ಭಾಷಾ ವಿದ್ವಾಂಸರ ಸಂಘವಾದ ಅಮೆರಿಕನ್ ಡಯಲೆಕ್ಟ್ ಸೊಸೈಟಿ ಕಳೆದ ಸಾವಿರ ವರ್ಷಗಳ ಪದವನ್ನು ಆರಿಸಿದಾಗ ಈ ಪುಟ್ಟ ‘ಶೀ’ಯನ್ನೇ ಆರಿಸಿತು. ಸಾವಿರ ವರ್ಷದ ಹಿಂದೆ ಇಲ್ಲದಿದ್ದ ಪದ ಈಗ ಇಲ್ಲದೆ ನಡೆಯದಂತಾಗಿದೆ.

ಇನ್ನೊಂದು ಮಾತು. ಆ ಹಳೆಯ ಇಂಗ್ಲಿಷಿನಲ್ಲಿ ಉರ್ದುವಿನಂತೆ ವಸ್ತುಗಳಿಗೂ ಲಿಂಗವಿತ್ತು. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಅರಬ್ಬಿಯ ಶಮ್ಸ್, ಕಮರ್ ಕೂಡ ಹಾಗೆಯೇ. ಹೆಂಗಸು ಎಂಬರ್ಥದ ‘ವೀಫ್’ ನಪುಂಸಕಲಿಂಗ, ಅದೇ ಅರ್ಥದ ‘ವೀಫ್‌ಮನ್’ ಪುಲ್ಲಿಂಗ! ನಗಬೇಡಿ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ ಎಂದು ಪಂಡಿತರು ಹೇಳಿಕೊಡುತ್ತಾರೆ. ಕನ್ನಡದಲ್ಲಿ ಮಾತ್ರ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಇಂದಿನ ಇಂಗ್ಲಿಷಿನಲ್ಲೂ ಹಾಗೆಯೇ. ಉರ್ದುವಿನಲ್ಲಿ ಕಿತಾಬ್, ಕುರ್ಸೀ, ದುಕಾನ್ ಸ್ತ್ರೀಲಿಂಗ. ಘರ್, ದರ್ವಾಜಾ ಪುಲ್ಲಿಂಗ. ಈ ದುಕಾನ್ ಎಂಬ ಪದವನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬಳಕೆಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಮರ್ಯಾದೆಯದು. ಕನ್ನಡದಲ್ಲಿ ಅವಳು, ಆಕೆ, ಅವರು ಎಂದು ಮೆಟ್ಟಿಲುಗಳಿವೆ. ತಂಗಿಗೆ ಅವಳು, ಪರಿಚಯವಿಲ್ಲದ ಹೆಂಗಸಿಗೆ ಆಕೆ, ಟೀಚರಿಗೆ ಅವರು. ಉರ್ದುವಿನಲ್ಲಿ ‘ಅಮ್ಮೀ ಆ ರಹೀ ಹೈಂ’ ಎಂದು ಕ್ರಿಯಾಪದವನ್ನು ಬಹುವಚನಕ್ಕೆ ಏರಿಸುತ್ತೇವೆ. ಹೀಗೆ ಬೆಳೆದ ಮಗುವಿಗೆ ತಾಯಿಯನ್ನು ‘ಶೀ’ ಎನ್ನಲು ನಾಲಿಗೆ ಅಳುಕುತ್ತದೆ. ‘ಮೈ ಮದರ್, ದೇ ಆರ್ ಕುಕಿಂಗ್’ ಎಂದುಬಿಡುತ್ತದೆ. ಇಂಗ್ಲಿಷಿನ ‘ಶೀ’ಗೆ ಮೆಟ್ಟಿಲುಗಳೇ ಇಲ್ಲ ಎಂದು ಆ ಮಗುವಿಗೆ ಬಿಡಿಸಿ ಹೇಳಬೇಕು. ಇಂಗ್ಲೆಂಡಿನ ರಾಣಿಯೂ ‘ಶೀ’, ಅವರ ಮನೆಯ ಕೆಲಸದಾಕೆಯೂ ‘ಶೀ’. ನಮ್ಮ ಜಿಲ್ಲೆಯವರನ್ನೇ ತೆಗೆದುಕೊಳ್ಳಿ. 17ನೇ ಶತಮಾನದ ಕೊನೆಯಲ್ಲಿ ಕಾಲು ಶತಮಾನದಷ್ಟು ಕಾಲ ರಾಜ್ಯವಾಳಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕೆಳದಿಯ ಚೆನ್ನಮ್ಮ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ. ಇಬ್ಬರನ್ನೂ ಇಂಗ್ಲಿಷಿನಲ್ಲಿ ಬರೆಯುವಾಗ ‘ಶೀ’ ಸಾಕು. ಆದರೆ ಅದೇ ಇಂಗ್ಲಿಷನ್ನು ಕನ್ನಡಕ್ಕೆ ತರುವಾಗ ಕಣ್ಣುಮುಚ್ಚಿ ‘ಅವಳು’ ಎಂದು ಬರೆದರೆ ನಡೆಯುವುದಿಲ್ಲ. ಮಹಿಳಾ ವಿಜ್ಞಾನಿಯ ಬಗ್ಗೆ ‘ಅವಳು ಕಂಡುಹಿಡಿದಳು’ ಎಂದೂ ಪಕ್ಕದ ಪುರುಷ ವಿಜ್ಞಾನಿಗೆ ‘ಅವರು ಕಂಡುಹಿಡಿದರು’ ಎಂದೂ ಬರೆದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ. ಮೂಲದಲ್ಲಿ ಇಲ್ಲದ ತಾರತಮ್ಯವನ್ನು ಅಲ್ಲಿ ಅನುವಾದವೇ ಸೇರಿಸಿತ್ತು.

ಹಡಗನ್ನು ‘ಶೀ’ ಎನ್ನುವ ರೂಢಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ನಾವಿಕರ ಪದ್ಧತಿ ಅದು. 1734ರಲ್ಲಿ ಆರಂಭವಾದ ಲಂಡನ್ನಿನ ಲಾಯ್ಡ್ಸ್ ಲಿಸ್ಟ್ ಎಂಬ ಹಡಗು ವ್ಯಾಪಾರದ ಪತ್ರಿಕೆ 2002ರಲ್ಲಿ ಅದನ್ನು ಕೈಬಿಟ್ಟು ‘ಇಟ್’ ಎಂದು ಬರೆಯಲು ನಿರ್ಧರಿಸಿತು. ಉರ್ದುವಿನಲ್ಲಂತೂ ಜಹಾಜ್ ಪುಲ್ಲಿಂಗವೇ. ದೇಶವನ್ನು ‘ಶೀ’ ಎನ್ನುವುದೂ ಈಗ ಕಡಿಮೆಯಾಗುತ್ತಿದೆ. ಪರೀಕ್ಷೆಯಲ್ಲಿ ಎರಡಕ್ಕೂ ‘ಇಟ್’ ಬರೆಯಿರಿ.

ಕಾನೂನಿನ ಬಳಕೆ ಮಾತ್ರ ಎಲ್ಲರೂ ತಿಳಿಯಬೇಕಾದದ್ದು. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಮು ‘ಹೀ’ ಎಂಬ ಸರ್ವನಾಮ ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತದೆ ಎಂದಿತ್ತು. 1897ರ ಜನರಲ್ ಕ್ಲಾಸಸ್ ಆಕ್ಟಿನ 13ನೇ ಕಲಮೂ ಪುಲ್ಲಿಂಗದ ಪದಗಳಲ್ಲಿ ಸ್ತ್ರೀಯರೂ ಸೇರುತ್ತಾರೆ ಎನ್ನುತ್ತದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ‘ಹೀ’ ಉಳಿದಿದೆ, ಅದರಲ್ಲಿ ಲಿಂಗಾಂತರಿ ವ್ಯಕ್ತಿಗಳನ್ನೂ ಸೇರಿಸಲಾಗಿದೆ. ಹೀಗೆ ನಮ್ಮ ಕಾನೂನಿನ ಪುಸ್ತಕಗಳಲ್ಲಿ ‘ಹೀ’ ಎಂಬ ಛತ್ರಿಯ ಕೆಳಗೆ ಹೆಣ್ಣೂ ನಿಲ್ಲುತ್ತಾ ಬಂದಳು. ಆದರೆ ನಮ್ಮ ಮೊಬೈಲ್, ಬ್ಯಾಂಕು, ಆನ್‌ಲೈನ್ ಅರ್ಜಿಗಳಲ್ಲಿ ನಾವು ಕೊಡುವ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ‘ಶೀ’ ಮತ್ತು ‘ಹರ್’ ಬಳಸಿದ್ದಾರೆ. ವ್ಯಾಖ್ಯೆಗಳ ಭಾಗದಲ್ಲಿ, ವ್ಯಕ್ತಿಯ ವಿಷಯದಲ್ಲಿ ‘ಶೀ’ ಎಂದಾಗ ಲಿಂಗಭೇದವಿಲ್ಲದೆ ಎಲ್ಲರೂ ಸೇರುತ್ತಾರೆ ಎಂದು ಬರೆದಿದ್ದಾರೆ. ಅಂದರೆ ಆ ಕಾಯ್ದೆಯ ಮಟ್ಟಿಗೆ ಗಂಡಸರು ‘ಶೀ’ಯ ಛತ್ರಿಯ ಕೆಳಗೆ ನಿಲ್ಲಬೇಕು! ಸಭೆಯಲ್ಲಿ ಹಿಂದಿನ ಸಾಲಿನ ಹುಡುಗರು ಈ ಮಾತಿಗೆ ನಕ್ಕರು. ‘ಹೀ’ ಎಂದರೆ ಹುಡುಗಿಯರೂ ಸೇರಿದರು ಎಂದಾಗ ಯಾರೂ ನಕ್ಕಿರಲಿಲ್ಲ.

ಕೊನೆಯದಾಗಿ ತರಗತಿಯ ವಿಷಯ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಕಾಲೇಜಿಗೆ ಸೇರಿದಳು. ಮೊದಲ ವಾರದಲ್ಲೇ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಬೇಕಾಯಿತು. “ಮೈ ಫಾದರ್ ಈಸ್ ಎ ಟೈಲರ್. ಹರ್ ಶಾಪ್ ಈಸ್ ಇನ್ ಗಾಂಧಿ ಬಜಾರ್” ಎಂದಳು. ತರಗತಿಯೆಲ್ಲ ನಕ್ಕಿತು, ಪಾಠ ಮಾಡುವವರೂ ನಕ್ಕರು. ಆ ವರ್ಷವಿಡೀ ಆಕೆ ಮತ್ತೆ ಎದ್ದು ನಿಂತು ಮಾತಾಡಲಿಲ್ಲ. ಎರಡನೇ ವರ್ಷಕ್ಕೆ ಕಾಲೇಜು ಬಿಡುವ ಮಾತು ಮನೆಯಲ್ಲಿ ಎದ್ದಾಗ “ಹೂಂ” ಎಂದುಬಿಟ್ಟಳು. ತಾಯಿ ನನ್ನಲ್ಲಿಗೆ ಬಂದರು, ಮಾತಾಡಿದೆವು, ಆಕೆ ಓದು ಮುಂದುವರಿಸಿದಳು. ನಕ್ಕವರಿಗೆ ಗೊತ್ತಿಲ್ಲದ ವಿಷಯ ತಮಗೆ ಈಗ ಗೊತ್ತಾಗಿರಬೇಕು: ಅಬ್ಬಾ ಕೀ ದುಕಾನ್. ದುಕಾನ್ ಸ್ತ್ರೀಲಿಂಗ. ‘ಕೀ’ ಎಂಬುದು ‘ಹರ್’ ಆಯಿತು.

ಇಲ್ಲಿ ಕನ್ನಡವೂ ಅವಳ ಸಹಾಯಕ್ಕೆ ಬರಲಿಲ್ಲ ಎಂಬುದನ್ನು ನಾನು ಒಪ್ಪಬೇಕು. ಅಪ್ಪನ ವಿಷಯವಾದ್ದರಿಂದ ಕನ್ನಡದಲ್ಲಿ ‘ಅವರ ಅಂಗಡಿ’ ಎನ್ನುತ್ತೇವೆ. ‘ಅವರ’ ಎಂದೊಡನೆ ಮರ್ಯಾದೆ ಉಳಿಯುತ್ತದೆ, ಗಂಡು ಹೆಣ್ಣಿನ ಗುರುತು ಹೋಗುತ್ತದೆ. ಹಿರಿಯರ ವಿಷಯ ಬಂದಾಗ ಮಾತ್ರ ಈ ಸೇತುವೆಯಲ್ಲಿ ಒಂದು ಹಲಗೆ ಇಲ್ಲ. ಅದನ್ನು ದಾಟಲು ನಾನು ಮಕ್ಕಳಿಗೆ ಒಂದು ಉಪಾಯ ಹೇಳುತ್ತೇನೆ. ಬರೆಯುವ ಮೊದಲು ‘ಯಾರ?’ ಎಂದು ಕೇಳಿಕೊಳ್ಳಿ. ಅಪ್ಪನ. ಅಪ್ಪ ಗಂಡಸು, ಆದ್ದರಿಂದ ‘ಹಿಸ್’. ಅಂಗಡಿಯನ್ನು ಏನೂ ಕೇಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಲೆಕ್ಕದ ಮಟ್ಟಿಗೆ ಮನಸ್ಸಿನಲ್ಲಿ ಅಪ್ಪನನ್ನು ‘ಅವನು’ ಎಂದುಕೊಂಡರೂ ಅಡ್ಡಿಯಿಲ್ಲ, ಅವರಿಗೆ ಕೇಳಿಸುವುದಿಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ತಪ್ಪು ಕಂಡಾಗ ಗೆರೆ ಎಳೆಯುವ ಮೊದಲು ಮಗುವಿನಿಂದ ಅದೇ ವಾಕ್ಯವನ್ನು ಉರ್ದುವಿನಲ್ಲಿ ಹೇಳಿಸಿ. ಹತ್ತರಲ್ಲಿ ಒಂಬತ್ತು ಸಲ ಕಾರಣ ಅಲ್ಲೇ ಸಿಗುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ನಾಲ್ಕು ವಾಕ್ಯಗಳ ಮನೆಗೆಲಸ. ಇಮ್ರಾನ್ ಮತ್ತು ಅವನ ಪುಸ್ತಕ. ಸಲ್ಮಾ ಮತ್ತು ಅವಳ ಮನೆ. ಅಜ್ಜಿ ಮತ್ತು ಅವರ ತಮ್ಮ. ಮಾಮು ಮತ್ತು ಅವರ ಅಂಗಡಿ. ಇವನ್ನು ಮೊದಲು ಉರ್ದುವಿನಲ್ಲಿ ಹೇಳಿ, ಅನಂತರ ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ನಾಲ್ಕನೆಯದು ಕಷ್ಟ. ಉತ್ತರ ಬರೆದುಕೊಂಡು ಬಂದವರು ನನಗೆ ತೋರಿಸಬಹುದು.